ನೆಲ ಕೆಸರಾಗಿದೆ, ತರಕಾರಿ ಬೀಜ ಎಲ್ಲಿ ಹಾಕೋದು? ಏರುಮಡಿ, ಟ್ರೇ, ಹಾಳೆ ದೊನ್ನೆ, ಗ್ರೋಬ್ಯಾಗ್ – ಯಾವ ಗಿಡಕ್ಕೆ ಯಾವುದು

ಜೂನ್‌ನ ಮೃಗಶಿರ ಮಳೆ ಹಿಡಿದು ನಾಲ್ಕು ದಿನ ಆಗೋ ಹೊತ್ತಿಗೆ ಸಾಗರ, ಹೊಸನಗರ, ತೀರ್ಥಹಳ್ಳಿ, ಶಿರಸಿ, ಘಟ್ಟದ ಕೆಳಗೆ ಕುಂದಾಪುರ, ಪುತ್ತೂರು ಕಡೆಯವರೆಲ್ಲ ಕೇಳೋದು ಒಂದೇ. ಬೀಜ ತಂದಿಟ್ಕೊಂಡಿದೀವಿ, ಹಿತ್ತಲಲ್ಲಿ ಕಾಲಿಟ್ರೆ ಹೂತು ಹೋಗತ್ತೆ, ಈಗ ಹಾಕೋದಾ ಕಾಯೋದಾ, ಹಾಕೋದಾದ್ರೆ ನೆಲಕ್ಕಾ ಟ್ರೇಗಾ ಅಂತ. ಇದಕ್ಕೆ "ಟ್ರೇನೇ ಬೆಸ್ಟು" ಅಂತ ಒಂದೇ ಮಾತಲ್ಲಿ ಮುಗಿಸೋರು ತುಂಬ ಜನ ಇದಾರೆ. ನಾನು ಹಾಗೆ ಹೇಳಲ್ಲ. ಬೆಂಡೆಗೆ ಸರಿ ಹೋಗೋದು ಬದನೆಗೆ ಹೋಗಲ್ಲ, ಬದನೆಗೆ ಹೋಗೋದು ಹೀರೆಗೆ ಹೋಗಲ್ಲ. ಬೇರು ಅಲುಗಾಡಿದ್ರೆ ಆ ಗಿಡ ತಡ್ಕೊಳತ್ತಾ ಇಲ್ವಾ ಅನ್ನೋದ್ರ ಮೇಲೆ ಎಲ್ಲ ನಿಂತಿದೆ, ಅದಕ್ಕೇ ಬೀಜದ ಪ್ಯಾಕೆಟ್ ಕೈಲಿ ಹಿಡ್ಕೊಂಡೇ ಓದಿ.

ಮೊದ್ಲು ನೆಲ ನಿಜವಾಗ್ಲೂ ಎಷ್ಟು ಒದ್ದೆ ಅಂತ ನೋಡಿ. ಬೀಜ ಹಾಕೋ ಜಾಗದಲ್ಲಿ ನಾಲ್ಕು ಬೆರಳು ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಗಟ್ಟಿಯಾಗಿ ಹಿಂಡಿ. ಬೆರಳ ಸಂದಿಯಲ್ಲಿ ನೀರು ಒಸರಿದ್ರೆ ಅವತ್ತು ಆ ನೆಲಕ್ಕೆ ಬೀಜ ಬೇಡ. ನೀರು ಬರಲಿಲ್ಲ, ಉಂಡೆ ಆಯ್ತು, ಆದ್ರೆ ಹೆಬ್ಬೆರಳಲ್ಲಿ ಒತ್ತಿದ್ರೂ ಒಡೀದೇ ಅಂಟಂಟಾಗಿ ಚಪ್ಪಟೆ ಆಯ್ತು ಅಂದ್ರೂ ಬೇಡ. ಒತ್ತಿದ ತಕ್ಷಣ ಪುಡಿಯಾಗಿ ಉದುರಿದ್ರೆ ಹಾಕ್ಬಹುದು. ಇನ್ನೊಂದು, ಒಂದಡಿ ಗುಂಡಿ ತೆಗೆದು ನೀರು ತುಂಬಿಸಿ ಬಿಡಿ. ಮುರಕಲ್ಲು (ಜಂಬಿಟ್ಟಿಗೆ) ಮಿಶ್ರಿತ ಕೆಂಪು ಮಣ್ಣಾದ್ರೆ ಬೇಗ ಇಂಗತ್ತೆ, ತೋಟದ ಕೆಳಗಿನ ಗದ್ದೆ ಮಣ್ಣಾದ್ರೆ ಮಾರನೇ ದಿನ ಬೆಳಿಗ್ಗೆನೂ ನೀರು ಹಾಗೇ ನಿಂತಿರತ್ತೆ. ಒಂದೇ ಮನೆಯ ಮೇಲಿನ ಅಂಗಳಕ್ಕೂ ಕೆಳಗಿನ ಹಿತ್ತಲಿಗೂ ಇಷ್ಟು ವ್ಯತ್ಯಾಸ ಇರತ್ತೆ, ಅದಕ್ಕೆ ಪಕ್ಕದ ಮನೆಯವ್ರು ಹಾಕಿದ್ರು ಅಂತ ನೀವೂ ಹಾಕ್ಬೇಡಿ.

ಒದ್ದೆ ನೆಲದಲ್ಲಿ ಬೀಜ ಯಾಕೆ ಕೊಳೆಯತ್ತೆ ಅಂದ್ರೆ, ಮೊಳೆಯೋಕೆ ನೀರು ಹೇಗೆ ಬೇಕೋ ಗಾಳೀನೂ ಹಾಗೇ ಬೇಕು. ಬೀಜ ನೀರು ಕುಡಿದ ತಕ್ಷಣ ಉಸಿರಾಡೋಕೆ ಶುರು ಮಾಡತ್ತೆ. ಮಣ್ಣಿನ ಸಂದಿಗಳಲ್ಲೆಲ್ಲ ನೀರೇ ತುಂಬಿದ್ರೆ ಆಮ್ಲಜನಕ ಎಲ್ಲಿಂದ ಬರ್ಬೇಕು. ಬೆಂಡೆ ಬೀಜ ಹಾಕಿ ವಾರ ಆದ್ರೂ ಏಳಲಿಲ್ಲ ಅಂದ್ರೆ ಒಂದನ್ನ ಕೆದಕಿ ತೆಗೆದು ಉಗುರಲ್ಲಿ ಒತ್ತಿ ನೋಡಿ, ಸಿಪ್ಪೆ ಸುಲಭಕ್ಕೆ ಜಾರಿ ಒಳಗಿಂದ ಬೂದು ಬಣ್ಣದ ಲೋಳೆ ಬಂದು ಕೆಟ್ಟ ವಾಸನೆ ಹೊಡೆಯತ್ತೆ. ಆ ಬೀಜಕ್ಕೆ ಇನ್ನು ಕಾದು ಪ್ರಯೋಜನ ಇಲ್ಲ. ಬಿಳೀ ತಿರುಳು ಗಟ್ಟಿಯಾಗಿದ್ರೆ ಮಾತ್ರ ಇನ್ನೆರಡು ದಿನ ಕೊಡಿ.

ಇದಕ್ಕಿಂತ ದೊಡ್ಡ ನಷ್ಟ ಒದ್ದೆ ಮಣ್ಣನ್ನ ಅಗೆಯೋದ್ರಲ್ಲಿದೆ. ಅಂಟು ಮಣ್ಣನ್ನ ಕೆಸರಾಗಿರುವಾಗ ಗುದ್ದಲಿ ಹಾಕಿ ತುಳಿದ್ರೆ ಅದ್ರೊಳಗಿನ ಸಂದಿಗಳೆಲ್ಲ ಮುಚ್ಚಿ ಹೋಗಿ, ಬಿಸಿಲು ಬಂದಾಗ ಇಟ್ಟಿಗೆ ಥರ ಗಟ್ಟಿಯಾಗತ್ತೆ. ಬೀಜ ಹೋದ್ರೆ ಒಂದು ಪ್ಯಾಕೆಟ್ ಹೋಯ್ತು, ಮಣ್ಣು ಹಾಳಾದ್ರೆ ಆ ವರ್ಷ ಪೂರ್ತಿ ಅನುಭವಿಸ್ಬೇಕು. ಅದಕ್ಕೇ ಮಳೆ ನಡುವೆ ಹೊಸ ಮಡಿ ಅಗೆಯೋಕೆ ಹೋಗ್ಬೇಡಿ ಅಂತ ನಾನು ಗಟ್ಟಿಯಾಗಿ ಹೇಳ್ತೀನಿ.

ಸುಮ್ನೆ ಕಾಯೋದು

ಇದೂ ಒಂದು ಆಯ್ಕೇನೇ, ಇದನ್ನ ಯಾರೂ ಲೆಕ್ಕಕ್ಕೆ ತಗೊಳಲ್ಲ. ಮೂಲಂಗಿ, ಬೀನ್ಸ್, ಕೊತ್ತಂಬರಿ, ಎಲೆಕೋಸು, ನವಿಲುಕೋಸು ಇವಕ್ಕೆಲ್ಲ ಮಲೆನಾಡಲ್ಲಿ ಆರಿದ್ರ, ಪುನರ್ವಸು ಮಳೆಯಲ್ಲಿ, ಅಂದ್ರೆ ಜೂನ್ ಕೊನೆ, ಜುಲೈನಲ್ಲಿ ಏನೂ ಕೆಲಸ ಇಲ್ಲ. ಹುಬ್ಬೆ, ಉತ್ತರೆ ಹೊತ್ತಿಗೆ, ಅಂದ್ರೆ ಸೆಪ್ಟೆಂಬರ್‌ನಲ್ಲಿ ಮಳೆ ಇಳೀತಾ ಬಂದಾಗ ಹಾಕಿದ್ರೆ ಜೂನ್‌ನಲ್ಲಿ ಹಾಕಿದೋರಿಗಿಂತ ಚೆನ್ನಾಗೇ ಬರತ್ತೆ. ಉಡುಪಿ ಹತ್ರ ಮಟ್ಟುವಿನ ಗುಳ್ಳ ಬದನೆ ನೋಡಿ, 2011ರಲ್ಲಿ ಜಿಐ ಟ್ಯಾಗ್ (ಆ ಊರಿನದ್ದೇ ಬೆಳೆ ಅನ್ನೋ ಗುರುತು) ಸಿಕ್ಕಿದ್ದು ಅದಕ್ಕೆ, ಅಲ್ಲಿಯವ್ರು ಮಳೆಗಾಲದ ಭತ್ತ ಮುಗಿಸಿ ಅದೇ ಗದ್ದೆಗೆ ಗುಳ್ಳದ ಸಸಿ ನೆಡೋದು. ಜಡಿಮಳೆಯಲ್ಲಿ ಬದನೆಗೆ ಗದ್ದೆ ಕೊಡಲ್ಲ ಅವ್ರು.

ಆದ್ರೆ ಹೀರೆ, ಹಾಗಲ, ಪಡವಲ, ಮುಳ್ಳುಸೌತೆ, ಮಳೆಗಾಲದ ಬೆಂಡೆ ಇವನ್ನ ಕಾಯ್ಸಿದ್ರೆ ನಷ್ಟ. ಆಟಿ ತಿಂಗಳು (ಜುಲೈ-ಆಗಸ್ಟ್) ಕಳೆದು ಚೌತಿ ಹೊತ್ತಿಗೆ ಕಾಯಿ ಕೊಯ್ಬೇಕು ಅಂದ್ರೆ ಈಗ್ಲೇ ಬಳ್ಳಿ ಚಪ್ಪರ ಹತ್ಬೇಕು. ನಿಜ ಹೇಳ್ಬೇಕಂದ್ರೆ ನಮ್ಮ ಹಿರಿಯರು ಇವನ್ನ ಮೇ ಕೊನೆಯ ರೋಹಿಣಿ ಮಳೆಯಲ್ಲೇ ಹಾಕಿ ಮುಗಿಸ್ತಿದ್ರು, ದೊಡ್ಡ ಮಳೆ ಬರೋ ಹೊತ್ತಿಗೆ ಗಿಡ ಗೇಣುದ್ದ ಆಗಿ ಬೇರು ಇಳಿಸಿರ್ತಿತ್ತು. ಆ ಟೈಮ್ ತಪ್ಪಿಸ್ಕೊಂಡವರಿಗೆ ಮಾತ್ರ ಮುಂದಿನ ದಾರಿಗಳು.

ಏರುಮಡಿ

ಬೆಂಡೆ, ಅಲಸಂದೆ, ಹರಿವೆ, ಸೆಪ್ಟೆಂಬರ್ ಬಂದ್ಮೇಲೆ ಮೂಲಂಗಿ, ಇಂಥದ್ದಕ್ಕೆ ನನ್ನ ಮೊದಲ ಆಯ್ಕೆ ಇದು. ಹರಿವೆ ಬಿಟ್ರೆ ಉಳಿದವಕ್ಕೆ ಕಿತ್ತು ನೆಡೋದು ಆಗಿ ಬರಲ್ಲ, ಬೆಂಡೆಯ ತಾಯಿಬೇರು ನೇರ ಕೆಳಗಿಳಿಯೋದು, ಅದು ಮುರಿದ್ರೆ ಗಿಡ ವಾರಗಟ್ಟಲೆ ಸುಮ್ನೆ ನಿಲ್ಲತ್ತೆ. ಮೂಲಂಗಿಯನ್ನ ಟ್ರೇಯಲ್ಲಿ ಎಬ್ಬಿಸಿ ನೆಟ್ರೆ ಗಡ್ಡೆ ಕವಲೊಡೆಯತ್ತೆ. ಹಾಗಾಗಿ ಬೀಜ ಎಲ್ಲಿ ಏಳತ್ತೋ ಅಲ್ಲೇ ಬೆಳೀಬೇಕು, ಅಂದ್ಮೇಲೆ ಆ ಜಾಗವನ್ನೇ ನೀರಿಂದ ಮೇಲೆತ್ಬೇಕು.

ಪುಸ್ತಕದಲ್ಲಿ ಸಸಿಮಡಿ ಎತ್ತರ ಅರ್ಧ ಅಡಿ ಸಾಕು ಅಂತಿರತ್ತೆ, ಬಯಲುಸೀಮೆಗೆ ಅದು ಸರಿ. ಕರಾವಳಿಯಲ್ಲಿ ವರ್ಷಕ್ಕೆ 3500 ಮಿಲಿಮೀಟರ್ ಆಸುಪಾಸು, ಆಗುಂಬೆಯಂಥ ಕಡೆ 7000 ದಾಟಿ ಸುರಿಯೋವಾಗ, ಅದ್ರಲ್ಲಿ ಹೆಚ್ಚಿಂದು ನಾಲ್ಕೇ ತಿಂಗಳಲ್ಲಿ, ಒಂದಡಿ ಎತ್ತರ ಇಲ್ದಿದ್ರೆ ಕಷ್ಟ. ಅಗಲ ಮೂರರಿಂದ ನಾಲ್ಕಡಿ, ಎರಡೂ ಕಡೆಯಿಂದ ಕೈ ಎಟಕೋ ಹಾಗೆ, ಮಡಿ ಮೇಲೆ ಕಾಲಿಡೋ ಪ್ರಸಂಗ ಬರ್ಬಾರ್ದು. ಮೇಲ್ಭಾಗ ಸಪಾಟಾಗಿ ಮಾಡ್ಬೇಡಿ, ನಡುವೆ ಸ್ವಲ್ಪ ಉಬ್ಬಿರ್ಲಿ. ಮಡಿಗಳ ನಡುವಿನ ಕಾಲುವೆ ಇಳಿಜಾರಿನ ಕಡೆ ತೆರೆದಿರ್ಬೇಕು, ಕಾಲುವೇಲಿ ನೀರು ನಿಂತ್ರೆ ಮಡಿ ಎತ್ತರಿಸಿದ್ದಕ್ಕೆ ಅರ್ಥ ಇಲ್ಲ. ಅಂಚು ಕುಸೀದಂಗೆ ಬಿದ್ದ ಅಡಿಕೆ ಮರ ಸೀಳಿದ ದಬ್ಬೆ ಇಟ್ರೆ ಒಂದೆರಡು ಮಳೆಗಾಲ ಬರತ್ತೆ, ದುಡ್ಡೂ ಇಲ್ಲ.

ಮೇ ತಿಂಗಳಲ್ಲಿ ಮಡಿ ಮಾಡಿಟ್ಕೊಂಡವ್ರು ಪುಣ್ಯವಂತರು. ಮಾಡಿಲ್ಲ ಅಂದ್ರೆ ಈಗ ನೆಲ ಅಗೀಬೇಡಿ, ಇದ್ದ ನೆಲದ ಮೇಲೇ ಒಣ ಸಾಮಾನು ತಂದು ಸುರೀರಿ. ಕೊಟ್ಟಿಗೆ ಮಾಡಿನ ಕೆಳಗಿನ ಒಣ ಮಣ್ಣು, ಹಳೇ ಗೊಬ್ಬರ, ಮರಳು, ಭತ್ತದ ಉಮಿ, ಹೀಗೆ. ದಕ್ಷಿಣ ಕನ್ನಡದ ಕಡೆ ಬೇಸಿಗೇಲಿ ತರಗೆಲೆ, ಕಸಕಡ್ಡಿ ಮೇಲೆ ಮಣ್ಣು ಪೇರಿಸಿ ಸುಟ್ಟು ಸುಡುಮಣ್ಣು ಮಾಡಿಡ್ತಾರಲ್ಲ, ಅದು ಸಿಕ್ರೆ ಬಿಡ್ಬೇಡಿ, ಬೇಗ ನೀರು ಬಿಡತ್ತೆ, ಅಂಟಲ್ಲ, ಸುಟ್ಟಿದ್ರಿಂದ ಕಳೆ ಬೀಜಾನೂ ಕಮ್ಮಿ. ಪೂರ್ತಿ ಮಡಿಗೆ ಸಾಲಲ್ಲ ಅಂದ್ರೆ ಬೀಜ ಹಾಕೋ ಕುಳಿಗೆ ಮಾತ್ರ ಒಂದೊಂದು ಬೊಗಸೆ ಹಾಕಿ, ಬೆಂಡೆಗೆ ಅಷ್ಟು ಸಾಕಾಗತ್ತೆ.

ಬೇಸಿಗೆಯಲ್ಲಿ ಹಾಕೋಷ್ಟು ಆಳಕ್ಕೆ ಹಾಕ್ಬೇಡಿ, ಅರ್ಧ ಇಂಚು ಸಾಕು, ಒಂದು ಕುಳಿಗೆ ಎರಡ್ಮೂರು ಬೀಜ. ಮೇಲೆ ತೆಳ್ಳಗೆ ದರಕು (ಒಣ ಎಲೆ) ಹರಡಿ, ಇಲ್ಲಾಂದ್ರೆ ಹನಿ ಹೊಡೆತಕ್ಕೆ ಮೇಲ್ಮಣ್ಣು ಪದರ ಕಟ್ಟತ್ತೆ, ಹರಿವೆಯಂಥ ಸಣ್ಣ ಬೀಜ ಕೊಚ್ಚಿಕೊಂಡು ಕಾಲುವೆ ಸೇರತ್ತೆ. ಹರಿವೆ ಬಿತ್ತುವಾಗಂತೂ ಮೇಲೊಂದು ತಾತ್ಕಾಲಿಕ ಮಾಡು ಇಲ್ದೇ ಕೈ ಹಾಕ್ಬೇಡಿ, ನಾಲ್ಕು ಗೂಟ, ಒಂದು ಪ್ಲಾಸ್ಟಿಕ್ ಶೀಟು, ಮೊಳೆತು ನಾಲ್ಕೆಲೆ ಆಗೋವರೆಗೆ.

ಪ್ರೋಟ್ರೇ ಮತ್ತು ಕೋಕೋಪಿಟ್

ಬದನೆ, ಮೆಣಸು, ಟೊಮೇಟೊ, ಕೋಸು ಜಾತಿ. ಇವೆಲ್ಲ ಕಿತ್ತು ನೆಟ್ರೂ ಬೇಸರ ಮಾಡ್ಕೊಳದ ಗಿಡಗಳು, ಇವಕ್ಕೆ ಗುಳಿ ಗುಳಿ ಇರೋ ಪ್ಲಾಸ್ಟಿಕ್ ಟ್ರೇಗಿಂತ ಒಳ್ಳೇದಿಲ್ಲ ಅನ್ನೋದನ್ನ ಒಪ್ತೀನಿ. ಮಾರ್ಕೆಟ್ಟಲ್ಲಿ ಜಾಸ್ತಿ ಸಿಗೋದು 98 ಗುಳಿಯ ಟ್ರೇ, ಮನೆ ಬಳಕೆಗೆ 50 ಗುಳಿಯದ್ದು ಸಿಕ್ರೆ ಅದನ್ನೇ ತಗೊಳ್ಳಿ. ಗುಳಿ ದೊಡ್ಡದಿದ್ದಷ್ಟೂ ಮಳೆ ಬಿಡೋವರೆಗೆ ಸಸಿ ಒಂದು ವಾರ ಹೆಚ್ಚು ಕಾಯತ್ತೆ, ನಮ್ಮ ಕಡೆ ಆ ಒಂದು ವಾರಾನೇ ಮುಖ್ಯ.

ಕೋಕೋಪಿಟ್ (ತೆಂಗಿನ ನಾರಿನ ಪುಡಿ) ಇಟ್ಟಿಗೆ ನೆನೆಸಿದ ಮೇಲೆ ಎರಡ್ಮೂರು ಸಲ ನೀರು ಬದಲಾಯಿಸಿ ತೊಳೀರಿ, ತೊಳೀದೇ ಇರೋದ್ರಲ್ಲಿ ಉಪ್ಪಿನಂಶ ಇರತ್ತೆ, ಎಳೇ ಬೇರಿನ ತುದಿ ಸುಡತ್ತೆ. ಆಮೇಲೆ ಚೆನ್ನಾಗಿ ಹಿಂಡಿ, ಬಿಗಿ ಹಿಡಿದ್ರೆ ಒಂದೆರಡು ಹನಿ ಬರೋ ಅಷ್ಟಿರ್ಲಿ. ಮೂರು ಪಾಲು ಕೋಕೋಪಿಟ್‌ಗೆ ಒಂದು ಪಾಲು ಜರಡಿ ಹಿಡಿದ ಎರೆಗೊಬ್ಬರ ಸಾಕು. ಹಿತ್ತಲ ಮಣ್ಣು ಮಾತ್ರ ಸೇರಿಸ್ಬೇಡಿ, ಮಣ್ಣಿನ ರೋಗ ತಪ್ಪಿಸೋಕೇ ಅಲ್ವಾ ಟ್ರೇ ತಂದಿದ್ದು.

ಟ್ರೇ ಎಲ್ಲಿಡ್ಬೇಕು ಅನ್ನೋದ್ರಲ್ಲೇ ಸೋಲು ಗೆಲುವು ಇರೋದು. ಜಗಲಿ ಮೇಲೆ, ಮಾಡಿನ ಒಳಗೆ ಇಟ್ರೆ ಮಳೆ ತಾಗಲ್ಲ ನಿಜ, ಆದ್ರೆ ಮೋಡದ ದಿನ ಅಲ್ಲಿ ಬೆಳಕೇ ಇರಲ್ಲ, ಸಸಿ ದಾರದ ಹಾಗೆ ಉದ್ದಕ್ಕೆ ಬೆಳೆದು ಬಾಗತ್ತೆ. ಹಸಿರು ಶೇಡ್‌ನೆಟ್ ಕೆಳಗಿಡೋದು ಇನ್ನೂ ತಪ್ಪು, ಮಳೆ ಹನಿ ಒಳಗೆ ಬರತ್ತೆ, ಇರೋ ಸ್ವಲ್ಪ ಬೆಳಕೂ ಹೋಗತ್ತೆ. ಪಾರದರ್ಶಕವಾದ, ಬಿಸಿಲಿಗೆ ಬೇಗ ಹಾಳಾಗದ ಯುವಿ ಶೀಟು ಬೇಕು, 200 ಮೈಕ್ರಾನ್‌ದು, ಅಂಗಳದ ತೆರೆದ ಜಾಗದಲ್ಲಿ ಇಳಿಜಾರಾಗಿ ಕಟ್ಟಿ, ನಾಲ್ಕೂ ಬದಿ ಗಾಳಿಗೆ ಬಿಟ್ಟು, ಟ್ರೇಗಳನ್ನ ಸೊಂಟದೆತ್ತರದ ಹಲಗೆ ಮೇಲಿಡಿ. ಬದಿ ಮುಚ್ಚಿದ್ರೆ ಒಳಗೆ ತೇವ ಕಟ್ಕೊಂಡು ಬೂಸ್ಟು ಬರತ್ತೆ.

ಬೀಜ ಹಾಕಿದ್ಮೇಲೆ ಟ್ರೇಗಳನ್ನ ಒಂದರ ಮೇಲೊಂದು ಪೇರಿಸಿ ಪ್ಲಾಸ್ಟಿಕ್ ಮುಚ್ಚಿಡೋ ಪದ್ಧತಿ ಇದೆ, ಬೆಚ್ಚಗಿರತ್ತೆ, ಬೇಗ ಮೊಳೆಯತ್ತೆ. ಮಾಡಿ, ಆದ್ರೆ ಮೂರನೇ ದಿನದಿಂದ ದಿನಾ ಎರಡು ಸಲ ಎತ್ತಿ ನೋಡಿ, ಒಂದೆರಡು ಮೊಳಕೆ ತಲೆ ಎತ್ತಿದ್ದು ಕಂಡ ಕೂಡ್ಲೆ ಬಿಡಿಸಿಡಿ. ಟೊಮೇಟೊ, ಕೋಸು ಬೇಗ ಏಳತ್ತೆ, ಮೆಣಸು ಹತ್ತು ಹನ್ನೆರಡು ದಿನ ತಗೊಂಡ್ರೂ ಗಾಬರಿ ಬೇಡ.

ಟ್ರೇಯಲ್ಲಿ ಸಸಿ ಸಾಯೋದು ಹೆಚ್ಚಾಗಿ ಒಂದೇ ಕಾರಣಕ್ಕೆ, ಬುಡ ಕೊಳೆಯೋ ರೋಗ. ಸಂಜೆ ನೆಟ್ಟಗೆ ನಿಂತಿದ್ದ ಸಸಿ ಬೆಳಿಗ್ಗೆ ಮಲಗಿರತ್ತೆ, ಎಲೆ ಇನ್ನೂ ಹಸಿರೇ ಇರತ್ತೆ, ಬಗ್ಗಿ ನೋಡಿದ್ರೆ ಮಣ್ಣಿಗೆ ತಾಗೋ ಜಾಗದಲ್ಲಿ ಕಾಂಡ ನೀರು ಹೀರಿ ಕಂದಾಗಿ ನೂಲಿನಷ್ಟು ಸಪೂರ ಆಗಿರತ್ತೆ. ಪಿಥಿಯಂ, ರೈಜೋಕ್ಟೋನಿಯಾ ಅನ್ನೋ ಶಿಲೀಂಧ್ರ ಥರದ ರೋಗಾಣುಗಳು ಮಾಡೋ ಕೆಲಸ ಇದು, ಜಾಸ್ತಿ ನೀರು, ಒತ್ತೊತ್ತಾಗಿ ಬಿತ್ತಿದ ಬೀಜ, ಗಾಳಿ ಇಲ್ಲದ ಜಾಗ ಇವಕ್ಕೆ ಇಷ್ಟ. ಮಲಗಿದ ಸಸಿ ಮತ್ತೆ ಏಳಲ್ಲ, ಅದನ್ನೂ ಸುತ್ತಲಿನ ಗುಳಿಯ ಕೋಕೋಪಿಟ್ಟನ್ನೂ ತೆಗೆದು ದೂರ ಹಾಕಿ, ಉಳಿದಿದ್ದಕ್ಕೆ ಲೀಟರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಬೆರೆಸಿ ಬುಡಕ್ಕೆ ಹಾಕಿ. ಔಷಧ ಬೇಡ ಅನ್ನೋರು ಮೊದಲೇ ಕೋಕೋಪಿಟ್‌ಗೆ ಟ್ರೈಕೋಡರ್ಮಾ (ರೋಗ ತಡೆಯೋ ಒಳ್ಳೇ ಶಿಲೀಂಧ್ರ) ಬೆರೆಸ್ಕೊಳ್ಳಿ, ಅದು ರೋಗ ಬರೋಕೆ ಮುಂಚೆ ಕೆಲಸ ಮಾಡೋದು. ಎರಡನ್ನೂ ಒಟ್ಟಿಗೆ ಹಾಕೋದು ಬೇಡ, ತಾಮ್ರದ ಔಷಧ ಟ್ರೈಕೋಡರ್ಮಾಕ್ಕೂ ತೊಂದರೆ ಮಾಡ್ಬಹುದು, ಅದೂ ಶಿಲೀಂಧ್ರಾನೇ ತಾನೆ. ಅಷ್ಟಕ್ಕೂ ದೊಡ್ಡ ಔಷಧ ಅಂದ್ರೆ ನೀರು ಕಮ್ಮಿ ಹಾಕೋದು. ಜೂನ್ ಜುಲೈನಲ್ಲಿ ಗಾಳೀಲೇ ಅಷ್ಟು ತೇವ ಇರತ್ತೆ, ಕೋಕೋಪಿಟ್ ಮೇಲ್ಪದರ ತಿಳಿ ಬಣ್ಣಕ್ಕೆ ತಿರುಗಿ, ಟ್ರೇ ಎತ್ತಿದ್ರೆ ಹಗುರ ಅನ್ಸಿದ್ರೆ ಮಾತ್ರ ನೀರು. ದಿನಾ ಬೆಳಿಗ್ಗೆ ಅಭ್ಯಾಸಬಲದಿಂದ ಸ್ಪ್ರೇ ಬಾಟ್ಲಿ ಹಿಡ್ಕೊಂಡು ಹೋಗೋದು ಬೇಡ.

ಹಾಳೆ ದೊನ್ನೆ, ಪೇಪರ್ ಕಪ್ಪು, ಕರಟ

ಬಳ್ಳಿ ತರಕಾರಿಗೆ ಇದು. ಸೌತೆ, ಹೀರೆ, ಹಾಗಲ, ಪಡವಲ, ಸೋರೆ, ಕುಂಬಳ. ಇವು ಬೇರು ಅಲುಗಾಡಿದ್ರೆ ಮುನಿಸ್ಕೊಳತ್ವೆ, ಆದ್ರೆ ಮಣ್ಣಿನ ಮುದ್ದೆ ಸಮೇತ ಇಳಿಸಿದ್ರೆ ಗೊತ್ತೇ ಆಗಲ್ಲ. ಟ್ರೇ ಗುಳಿ ಇವಕ್ಕೆ ಸಣ್ಣದಾಗತ್ತೆ, ಬೇರು ಬೇಗ ಸುತ್ತಿಕೊಳತ್ತೆ. ಅಡಿಕೆ ಹಾಳೆಯನ್ನ ನೆನೆಸಿ ದೊನ್ನೆ ಹಾಗೆ ಮಡಚಿ ಕಡ್ಡಿ ಚುಚ್ಚಿದ್ರೆ ಆಯ್ತು, ಕೆಳಗೆ ಎರಡು ತೂತು. ನೆಡುವಾಗ ಕಡ್ಡಿ ಕಿತ್ತು ಹಾಳೆ ಬಿಡಿಸಿ ಮುದ್ದೆ ಇಳಿಸಿ, ಹಾಳೆ ಸಮೇತ ಹೂಳ್ಬೇಡಿ, ಕೊಳೆಯೋಕೆ ಟೈಮ್ ಬೇಕದಕ್ಕೆ. ಕರಟಕ್ಕೂ ಅದೇ ಮಾತು, ಚೆಂದ ಕಾಣತ್ತೆ ಆದ್ರೆ ಬೇರಿಗೆ ದಾರಿ ಇಲ್ಲ, ನನಗೆ ಅಷ್ಟು ಇಷ್ಟ ಇಲ್ಲ. ಚಹಾ ಪೇಪರ್ ಕಪ್ಪುಗಳಿಗೆ ಒಳಗೆ ತೆಳು ಪ್ಲಾಸ್ಟಿಕ್ ಪದರ ಇರತ್ತೆ, ಹಾಗಾಗಿ ಅವನ್ನೂ ಹರಿದು ತೆಗೀಲೇಬೇಕು. ದಪ್ಪ ನ್ಯೂಸ್‌ಪೇಪರ್ ಸುತ್ತಿ ಮಾಡಿದ ಕೊಳವೆ ಮಾತ್ರ ಹಾಗೇ ಮಣ್ಣಿಗೆ ಹೋಗ್ಬಹುದು.

ಬಳ್ಳಿ ಬೀಜಗಳನ್ನ ದೊನ್ನೆಗೆ ಹಾಕೋ ಮುಂಚೆ ಮೊಳಕೆ ಕಟ್ಟಿದ್ರೆ ಅರ್ಧ ಚಿಂತೆ ಕಮ್ಮಿ. ರಾತ್ರಿ ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಬೆಳಿಗ್ಗೆ ನೀರು ಬಸಿದು, ಹಿಂಡಿದ ಹತ್ತಿ ಬಟ್ಟೆಯಲ್ಲಿ ಸುತ್ತಿ, ಬಾಳೆಲೆ ತುಂಡಲ್ಲಿ ಕಟ್ಟಿ ಒಲೆ ಪಕ್ಕದ ಬೆಚ್ಚಗಿನ ಜಾಗದಲ್ಲಿಡಿ. ಗ್ಯಾಸ್ ಮನೆಯವ್ರು ಫ್ರಿಜ್ ಮೇಲಿಟ್ರೂ ಆಗತ್ತೆ. ಮಳೆಗಾಲದ ಚಳಿಗೆ ಹಾಗಲದಂಥ ದಪ್ಪ ಸಿಪ್ಪೆ ಬೀಜ ಏಳೋದೇ ತಡ, ಅದರ ತುದಿಯನ್ನ ಉಗುರು ಕಟರ್‌ನಲ್ಲಿ ಸ್ವಲ್ಪವೇ ಚಿವುಟಿ ನೆನೆಸಿದ್ರೆ ಬೇಗ ಬಾಯಿ ಬಿಡತ್ತೆ. ಬಿಳೀ ಬೇರು ಅಕ್ಕಿಕಾಳಿನಷ್ಟು ಬಂದಾಗ್ಲೇ ಎತ್ತಿ ಹಾಕ್ಬೇಕು, ಜಾಸ್ತಿ ಉದ್ದ ಆದ್ರೆ ಬಟ್ಟೆ ನೂಲಿಗೆ ಸಿಕ್ಕಿ ಮುರಿಯತ್ತೆ. ಬೇರಿನ ತುದಿ ಕೆಳಗೆ ಮಾಡಿ, ಮೇಲೆ ಬರೀ ಅರ್ಧ ಇಂಚು ಮಣ್ಣು. ಒಂದು ಎಚ್ಚರಿಕೆ, ಕಂಪನಿ ಪ್ಯಾಕೆಟ್ ಬೀಜ ಗುಲಾಬಿ ಅಥವಾ ನೀಲಿ ಬಣ್ಣ ಇದ್ರೆ ಅದಕ್ಕೆ ಔಷಧ ಲೇಪಿಸಿರ್ತಾರೆ, ಬರಿಗೈಲಿ ಮುಟ್ಬೇಡಿ, ಅಡುಗೆ ಪಾತ್ರೇಲಿ ನೆನೆಸ್ಬೇಡಿ, ಮಕ್ಕಳಿಗೆ ಸಿಗೋ ಹಾಗೆ ಇಡ್ಬೇಡಿ. ಅಂಥದ್ದನ್ನ ನೇರ ದೊನ್ನೆಗೇ ಹಾಕಿ.

ಹನ್ನೆರಡರಿಂದ ಹದಿನೈದು ದಿನ, ಎರಡು ನಿಜವಾದ ಎಲೆ ಬಂದ ತಕ್ಷಣ ನೆಲಕ್ಕೆ. ಬದನೆ ಮೆಣಸು ಒಂದು ತಿಂಗಳು ಮೇಲಾದ್ರೂ ಕಾಯತ್ತೆ, ಸೌತೆ ಕಾಯಲ್ಲ.

ಗ್ರೋಬ್ಯಾಗ್

ಬೆಂಗಳೂರು, ಮಂಗಳೂರಿನ ಟೆರೇಸ್‌ನವರಿಗೆ ಬೇರೆ ದಾರಿ ಇಲ್ಲ, ಇದೇ ಸರಿ. ಬೆಂಗಳೂರಲ್ಲಿ ಮಳೆ ಜೋರು ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ, ಸಂಜೆ ಹೊಡೆದು ಬೆಳಿಗ್ಗೆ ಬಿಸಿಲು ಬರತ್ತೆ, ಹಾಗಾಗಿ ಅಲ್ಲಿ ಕಷ್ಟ ಅರ್ಧಕ್ಕರ್ಧ ಕಮ್ಮಿ. ಬೇಸಿಗೆಗೆ ಮಾಡಿದ ಕೋಕೋಪಿಟ್ ಜಾಸ್ತಿ ಇರೋ ಮಿಕ್ಸು ಮಳೇಲಿ ಸ್ಪಂಜಾಗಿ ನೀರು ಹಿಡಿಯತ್ತೆ, ಅದಕ್ಕೆ ಉಮಿ ಅಥವಾ ಮರಳು ಸೇರಿಸಿ ಸಡಿಲ ಮಾಡಿ, ಬ್ಯಾಗನ್ನ ಇಟ್ಟಿಗೆ ಮೇಲೆತ್ತಿಡಿ, ಬುಡದಿಂದ ಒಂದಿಂಚು ಮೇಲೆ ಪಕ್ಕದಲ್ಲೂ ತೂತು ಮಾಡಿ. ಹಳ್ಳಿ ಮನೆಯವ್ರಿಗೆ ಹತ್ತು ಮೆಣಸಿನ ಗಿಡಕ್ಕೆ, ಒಂದೆರಡು ಬಸಳೆಗೆ ಗ್ರೋಬ್ಯಾಗ್ ಚೆನ್ನಾಗಿದೆ, ಹಿತ್ತಲು ಪೂರ್ತಿ ಇದ್ರಲ್ಲೇ ಮಾಡ್ತೀನಿ ಅಂದ್ರೆ ಮಣ್ಣು ಹೊತ್ತೇ ಸುಸ್ತಾಗತ್ತೆ.

ಸಸಿ ಕೊಂಡು ತರೋದು

ಹತ್ತು ಟೊಮೇಟೊ ಗಿಡಕ್ಕೋಸ್ಕರ ಟ್ರೇ, ಶೀಟು, ಕೋಕೋಪಿಟ್ ಎಲ್ಲ ತರೋದು ಯಾಕೆ, ನರ್ಸರಿಯಿಂದ ತನ್ನಿ. ಒಂದು ಸಸಿ ಎಳೆದು ಬೇರು ನೋಡಿ, ಬಿಳಿ ಇದ್ರೆ ತಗೊಳ್ಳಿ, ಕಂದಾಗಿ ಕೈಗೆ ಕಿತ್ತು ಬಂದ್ರೆ ಬೇಡ. ತಂದ ದಿನವೇ ನೆಡದೇ ನಾಲ್ಕೈದು ದಿನ ನಿಮ್ಮ ಅಂಗಳದ ಗಾಳಿಗೆ ಒಗ್ಗಿಸಿ. ಟೊಮೇಟೊ ಬದನೆ ನಮ್ಮ ಕಡೆ ಬರೀ ಮಳೆಗಲ್ಲ, ಮಣ್ಣಲ್ಲಿರೋ ದುಂಡಾಣು ಸೊರಗು ರೋಗಕ್ಕೂ ಹೋಗತ್ತೆ, ಹಸಿರಾಗಿದ್ದ ಗಿಡ ಎರಡೇ ದಿನದಲ್ಲಿ ಜೋತು ಬೀಳತ್ತಲ್ಲ ಅದು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಐಐಎಚ್‌ಆರ್‌ನ ಅರ್ಕಾ ರಕ್ಷಕ್ ಟೊಮೇಟೊ ಆ ಸೊರಗು ರೋಗ, ಎಲೆ ಮುಟುರು ಮತ್ತು ಮುಂಚಿನ ಅಂಗಮಾರಿ (ಅರ್ಲಿ ಬ್ಲೈಟ್) ಮೂರನ್ನೂ ತಡ್ಕೊಳೋ ಹೈಬ್ರಿಡ್, ಸಿಕ್ಕಿದ್ರೆ ಅದನ್ನ ಕೇಳಿ. ಹಾಗಿದ್ರೂ ಬಯಲಲ್ಲಿ ಜುಲೈ ಟೊಮೇಟೊ ಮಲೆನಾಡಿಗೆ ಬೇಡ ಅನ್ನೋದೇ ನನ್ನ ಅಭಿಪ್ರಾಯ, ಎಲೆ ಒದ್ದೆಯಾಗಿಯೇ ಇದ್ರೆ ರೋಗಕ್ಕೆ ಕೊನೆ ಇಲ್ಲ.

ಇನ್ನು ನೆಲಕ್ಕೆ ಇಳಿಸೋ ದಿನದ ಮಾತು. ಯಾವ ದಾರೀಲಿ ಎಬ್ಬಿಸಿದ ಸಸಿ ಆದ್ರೂ ಮಳೆಗಾಲದಲ್ಲಿ ಗುಂಡಿಗೆ ನೆಡ್ಬೇಡಿ, ಗುಡ್ಡೆಗೆ ನೆಡಿ. ಒಂದು ಬುಟ್ಟಿ ಒಣ ಗೊಬ್ಬರ ಮಣ್ಣು ಗುಪ್ಪೆ ಹಾಕಿ ಅದ್ರ ನೆತ್ತಿಗೆ ಸಸಿ. ಮಳೆ ಎರಡು ದಿನ ಹೊಳವಾದಾಗ ಸಂಜೆ ಹೊತ್ತು ಒಳ್ಳೇದು, ಮೋಡ ಮುಸುಕಿದ್ರೆ ಮಧ್ಯಾಹ್ನವೂ ನಡಿಯತ್ತೆ. ನೆಟ್ಟ ಮೊದಲ ರಾತ್ರಿ ಬಸವನಹುಳ ಬರತ್ತೆ, ಇದನ್ನ ಮರೀಬೇಡಿ, ಎರಡೆಲೆ ಸೌತೆ ಸಸಿ ಒಂದೇ ರಾತ್ರಿಗೆ ಬರೀ ಕಡ್ಡಿ ಆಗಿರತ್ತೆ. ಬೂದಿ ಹಾಕಿದ್ರೆ ಮಳೆಗೆ ಕೊಚ್ಚಿ ಹೋಗತ್ತೆ, ಅದಕ್ಕೆ ಸಂಜೆ ಒದ್ದೆ ಗೋಣಿಚೀಲವೋ ಪಪ್ಪಾಯ ಎಲೆಯೋ ಗಿಡದ ಹತ್ರ ಹಾಸಿಡಿ, ಅವು ಅದ್ರಡಿ ಸೇರ್ಕೊಳತ್ವೆ, ರಾತ್ರಿ ಒಂಬತ್ತಕ್ಕೆ ಟಾರ್ಚ್ ಹಿಡಿದು ಇಕ್ಕಳದಲ್ಲಿ ಹೆಕ್ಕಿ ಉಪ್ಪು ನೀರಿಗೆ ಹಾಕಿ.

ಎಷ್ಟೇ ಜಾಗ್ರತೆ ಮಾಡಿದ್ರೂ ಪ್ಯಾಕೆಟ್ಟಿನ ಬೀಜ ಎಲ್ಲಾ ಒಂದೇ ಸಲಕ್ಕೆ ಹಾಕ್ಬೇಡಿ, ಅರ್ಧ ಎತ್ತಿಡಿ, ಜುಲೈ ಕೊನೆಯ ಪುಷ್ಯ ಮಳೆಯಲ್ಲಿ ಇನ್ನೊಮ್ಮೆ ಹಾಕೋಕೆ. ಆದ್ರೆ ಆ ಅರ್ಧವನ್ನ ಪ್ಯಾಕೆಟ್ ಬಾಯಿ ಮಡಚಿ ಕಪಾಟಲ್ಲಿಟ್ರೆ ತೇವ ಹೀರಿ ಮೊಳೆಯೋ ಶಕ್ತಿ ಹೋಗತ್ತೆ. ಗಾಳಿ ಆಡದ ಸ್ಟೀಲ್ ಡಬ್ಬಿಯ ತಳಕ್ಕೆ ಬಿಸಿ ಮಾಡಿ ಆರಿಸಿದ ಬೂದಿ ಹಾಕಿ, ಮೇಲೊಂದು ಪೇಪರ್ ಹಾಸಿ, ಬೀಜದ ಪೊಟ್ಣ ಅದ್ರ ಮೇಲಿಟ್ಟು ಬಿಗಿಯಾಗಿ ಮುಚ್ಚಿ. ಹೊರಗೆ ಬೀಜದ ಹೆಸರು, ತಂದ ತಿಂಗಳು ಬರೆದಿಡಿ.